ಒಂದು ಸರ್ವರು, ಐದು ಮೇಜುಗಳು

(ಪಂಚವಟಿಯ ನಮ್ಮ ಉಚಿತ ವಾಚನಾಲಯದಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ಹಳೆಯ ಗಣಕಯಂತ್ರಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಮಂಡಲಿಯ ಮುಂದಿದೆ. ಹೊಸವನ್ನು ಕೊಳ್ಳೋಣವೆಂದು ಕೆಲವರ ಅಭಿಪ್ರಾಯ. ಒಳಕೋಣೆಯಲ್ಲಿರುವ ಸರ್ವರನ್ನೇ ಬಳಸಿಕೊಂಡು 'ವರ್ಚುವಲ್ ಡೆಸ್ಕ್‌ಟಾಪ್' ಏರ್ಪಡಿಸೋಣವೆಂದು ಇನ್ನು ಕೆಲವರ ಅಭಿಪ್ರಾಯ. ಈ ಎರಡನೆಯದನ್ನು ಕುರಿತು ಎಲ್ಲರಿಗೂ ತಿಳಿಯುವಂತೆ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಹೇಳಬೇಕೆಂದಿರುವುದರ ಸಾರ ಇಷ್ಟೆ: ಪೂರ್ಣ ಏರ್ಪಾಡಿಗೆ ಕೈಹಾಕುವ ಮೊದಲು ಐದೇ ಮೇಜುಗಳ ಒಂದು ಚಿಕ್ಕ ಪರೀಕ್ಷೆ ನಡೆಯಲಿ, ಆ ಪರೀಕ್ಷೆಗೆ 'ಬೇಡ' ಎಂದು ಹೇಳುವ ಸ್ವಾತಂತ್ರ್ಯವೂ ಇರಲಿ.

ಮೊದಲು, ಪ್ರಶ್ನೆ ಹುಟ್ಟಿದ್ದು ಏಕೆ? 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ, ಹೆಚ್ಚುಕಡಿಮೆ 2018ರಿಂದ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. ನಮ್ಮ ಯಂತ್ರಗಳು ಅದಕ್ಕಿಂತ ಹಳೆಯವು. ಅವು ಕೆಟ್ಟಿಲ್ಲ, ಆದರೆ ಬೀಗ ಸಡಿಲವಾದ ಮನೆಯಂತಾಗಿವೆ. ಅವುಗಳ ಮುಂದೆ ಕುಳಿತೇ ಹುಡುಗರು ನೌಕರಿಯ ಅರ್ಜಿ ತುಂಬುತ್ತಾರೆ, ಹಿರಿಯರು ಪಿಂಚಣಿಯ ಕಾಗದ ತೆಗೆಯುತ್ತಾರೆ. ಹೊಸ ಯಂತ್ರಗಳನ್ನು ಕೊಂಡರೆ ಈ ವರ್ಷದ ಪುಸ್ತಕನಿಧಿ ಪೂರ್ತಿ ಅದಕ್ಕೇ ಸಲ್ಲುತ್ತದೆ. ಸುಮ್ಮನಿದ್ದರೆ ವಾಚಕರ ಗುಟ್ಟು ಬೀದಿಗೆ ಬೀಳುವ ಭಯವಿದೆ. ಸಂಕಟ ಇರುವುದು ಇಲ್ಲಿ.

ವರ್ಚುವಲ್ ಡೆಸ್ಕ್‌ಟಾಪ್ ಎಂದರೇನು? ಸಂತರ್ಪಣೆಯನ್ನು ನೆನೆಯಿರಿ. ಅಡುಗೆಮನೆ ಒಂದೇ, ಎಲೆಗಳು ಹಲವು. ಲೆಕ್ಕ ಮಾಡುವ, ನೆನಪಿಟ್ಟುಕೊಳ್ಳುವ ಕೆಲಸವೆಲ್ಲ ಸರ್ವರಿನಲ್ಲಿ ನಡೆಯುತ್ತದೆ. ಮೇಜಿನ ಮೇಲಿನ ಹಳೆಯ ಯಂತ್ರವು ಚಿತ್ರವನ್ನು ತೋರಿಸಿ, ಕೀಲಿಯ ಒತ್ತನ್ನು ಒಳಗೆ ಕಳುಹಿಸುವ ಎಲೆ ಮಾತ್ರ. ಬಡಿಸುವ ಕೆಲಸ ಜಾಲದ ತಂತಿಯದು.

ಈ ಯೋಚನೆ ಹೊಸತಲ್ಲ. 1961ರ ನವೆಂಬರಿನಲ್ಲಿ ಅಮೆರಿಕೆಯ ಎಂಐಟಿಯಲ್ಲಿ ಕೊರ್ಬಾಟೊ ಮತ್ತು ಅವರ ಸಹೋದ್ಯೋಗಿಗಳು ಒಂದೇ ದೊಡ್ಡ ಗಣಕವನ್ನು ಹಲವರು ಏಕಕಾಲಕ್ಕೆ ಬಳಸಬಹುದೆಂದು ತೋರಿಸಿದರು. ಆ ಮೊದಲ ಪ್ರದರ್ಶನದಲ್ಲಿ ಇದ್ದದ್ದು ನಾಲ್ಕೇ ಬೆರಳಚ್ಚು ಯಂತ್ರಗಳು. 1972ರಲ್ಲಿ ಐಬಿಎಂ ಸಂಸ್ಥೆಯ ವಿಎಂ/370 ಬಂತು. ಒಬ್ಬೊಬ್ಬ ಬಳಕೆದಾರನಿಗೂ ಪ್ರತ್ಯೇಕ ಯಂತ್ರವೇ ಇದ್ದಂತೆ ಅದು ಭಾಸಗೊಳಿಸಿತು. 2006ರಲ್ಲಿ ಇಸ್ರೇಲಿನ ಕುಮ್‌ರಾನೆಟ್ ಎಂಬ ಸಂಸ್ಥೆಯಲ್ಲಿ ಅವಿ ಕಿವಿಟಿ ಎಂಬವರು ಕೆವಿಎಂ ಎಂಬ ತಂತ್ರಾಂಶವನ್ನು ಬರೆದರು. ಆ ಸಂಸ್ಥೆಯ ಉದ್ದೇಶ ಈ ಬಗೆಯ ಮೇಜುಗಳನ್ನು ನಡೆಸುವುದೇ ಆಗಿತ್ತು. 2007ರಿಂದ ಅದು ಲಿನಕ್ಸಿನ ಒಳಗೇ ಸೇರಿದೆ, ಉಚಿತವಾಗಿಯೂ ಇದೆ. ಆದುದರಿಂದ ನಮ್ಮಂಥ ವಾಚನಾಲಯವೂ ಇದನ್ನು ಯೋಚಿಸಬಹುದಾಗಿದೆ.

ಪಂಚವಟಿಯಲ್ಲಿ ಕುಳಿತು ಐದೆಂಬ ಸಂಖ್ಯೆಯನ್ನು ಆರಿಸಿದ್ದಕ್ಕೆ ಬೇರೆ ಸಮರ್ಥನೆ ಬೇಡವೆಂದು ಮಿತ್ರರು ನಗಬಹುದು. ಆದರೆ ಅದರ ಹಿಂದೆ ಲೆಕ್ಕವೂ ಇದೆ. ನಮ್ಮ ಸರ್ವರಿನಲ್ಲಿ 64 ಗಿಗಾಬೈಟ್ ಮೆಮೊರಿ, 16 ಕೋರುಗಳು ಇವೆ. ಪುಸ್ತಕಗಳ ಸೂಚಿ, ಸದಸ್ಯರ ದಾಖಲೆ, ಲೆಕ್ಕಪತ್ರ ಈಗಾಗಲೇ ಅದರಲ್ಲಿವೆ; ಅವಕ್ಕೂ ಯಂತ್ರದ ಸ್ವಂತ ಖರ್ಚಿಗೂ 24 ಗಿಗಾಬೈಟು, 4 ಕೋರು ಮೀಸಲಿಡೋಣ. ಮೇಜಿಗೆ 6 ಗಿಗಾಬೈಟಿನಂತೆ ಐದಕ್ಕೆ 30. ಉಳಿಯುವ 10 ಆಪತ್ತಿಗೆ. ಮೇಜಿಗೆ ಎರಡು ಕೋರಿನಂತೆ ಹತ್ತು, ಇನ್ನೆರಡು ಮಿಗುತ್ತವೆ. ಕೋರುಗಳನ್ನು ಸ್ವಲ್ಪ ಹಂಚಿಕೊಂಡರೂ ನಡೆದೀತು, ಎಲ್ಲರೂ ಸದಾ ಕೆಲಸ ಹೇಳುತ್ತಿರುವುದಿಲ್ಲ. ಮೆಮೊರಿಯನ್ನು ಮಾತ್ರ ಇಲ್ಲದ್ದನ್ನು ಇದೆಯೆಂದು ಹಂಚಬಾರದು.

ಇಂಥ ಏರ್ಪಾಡುಗಳು ಬಹುಮಟ್ಟಿಗೆ ಎಡವುವುದು ಡಿಸ್ಕಿನಲ್ಲಿ. ಸಂಜೆ ಬಾಗಿಲು ತೆರೆದೊಡನೆ ಐವರೂ ಒಟ್ಟಿಗೆ ಕುಳಿತು ಐದು ಡೆಸ್ಕ್‌ಟಾಪುಗಳನ್ನೂ ಎಬ್ಬಿಸುತ್ತಾರೆ. ಮೊದಲ ಪಂಕ್ತಿಯ ಗದ್ದಲವಿದ್ದಂತೆ. ತಿರುಗುವ ತಟ್ಟೆಯ ಹಳೆಯ ಡಿಸ್ಕು ಚದರಿದ ಮಾಹಿತಿಯನ್ನು ಸೆಕೆಂಡಿಗೆ ಸುಮಾರು ನೂರು ಸಲ ಹೆಕ್ಕಿ ಕೊಟ್ಟೀತು. ತಿರುಗುವ ಭಾಗಗಳಿಲ್ಲದ ಎಸ್ಎಸ್‌ಡಿ ಹತ್ತಾರು ಸಾವಿರ ಸಲ ಕೊಡುತ್ತದೆ. ಆದುದರಿಂದ ಒಂದಕ್ಕೊಂದು ಪ್ರತಿಯಾಗಿರುವ ಎರಡು ಎಸ್ಎಸ್‌ಡಿಗಳನ್ನು ಕೊಳ್ಳಬೇಕು. ಪರೀಕ್ಷೆಗೆಂದು ನಾನು ಕೇಳುವ ಹೊಸ ಖರ್ಚು ಇದೊಂದೇ. ಪರೀಕ್ಷೆ ಸೋತರೂ ಅವು ಬೇರೆ ಯಂತ್ರಕ್ಕೆ ಒದಗುತ್ತವೆ.

ಪರವಾನಗಿಯ ವಿಷಯವನ್ನೂ ಬಿಚ್ಚಿ ಹೇಳಬೇಕು. ಮೇಜಿನ ಮೇಲಿನ ಯಂತ್ರಕ್ಕೆ ಕೊಂಡ ವಿಂಡೋಸ್ ಪರವಾನಗಿ ಸರ್ವರಿನೊಳಗಿನ ವರ್ಚುವಲ್ ಯಂತ್ರಕ್ಕೆ ತಾನಾಗಿ ಸಲ್ಲುವುದಿಲ್ಲ. ಅದಕ್ಕೆ ಬೇರೆ ಹಣ ತೆರಬೇಕು. ವಿಂಡೋಸ್ ಸರ್ವರಿನ ದೂರಮೇಜಿನ ಸೌಲಭ್ಯಕ್ಕೆ 120 ದಿನಗಳ ವಾಯಿದೆಯುಂಟು. ಅದು ದಾನವಲ್ಲ, ವಾಯಿದೆಯಷ್ಟೆ. ಸಾರ್ವಜನಿಕ ಸಂಸ್ಥೆ ಕಳ್ಳದಾರಿ ಹಿಡಿಯಬಾರದು. ಆದಕಾರಣ ಐದು ಮೇಜುಗಳಲ್ಲಿಯೂ ಲಿನಕ್ಸ್ ಇರಲಿ.

ಆಗ ಕನ್ನಡದ ಗತಿ? ಕೆ. ಪಿ. ರಾವ್ ಅವರ ಕೀಲಿಮಣೆಯನ್ನು ಆಧರಿಸಿದ ವಿನ್ಯಾಸ ಲಿನಕ್ಸಿನಲ್ಲಿಯೂ ಸಿಗುತ್ತದೆ; ನಮ್ಮ ಮಕ್ಕಳಿಗೆ ಬೇಕಾದ ಮರಾಠಿಯೂ ಇದೆ. ಯುನಿಕೋಡಿನಲ್ಲಿ ಬರೆದದ್ದು ಎಲ್ಲಿಯೂ ತೆರೆಯುತ್ತದೆ. ಆದರೆ ಹಳೆಯ ನುಡಿ ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿದ ಕಡತಗಳು, ಅಚ್ಚುಗಳಿಲ್ಲದಿದ್ದರೆ, ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತವೆ. ಇಂಥ ಕಡತಗಳನ್ನು ತರುವ ವಾಚಕರನ್ನೇ ಕರೆದು ಪರೀಕ್ಷಿಸಬೇಕು. ಇನ್ನೊಂದು ಸೂಕ್ಷ್ಮ: ಕೀಲಿ ಒತ್ತಿದ ಮೇಲೆ ಒತ್ತಕ್ಷರ ಮೂಡಲು ತಡವಾದರೆ ಬರೆಯುವವನ ತಾಳ್ಮೆ ಹಾರಿಹೋಗುತ್ತದೆ. ಆದ್ದರಿಂದ ವೈಫೈ ಬೇಡ, ತಂತಿಯೇ ಇರಲಿ. ಮುದ್ರಣ, ಪೆನ್‌ಡ್ರೈವ್, ಧ್ವನಿ, ಚಲಚ್ಚಿತ್ರ ಇವೂ ತೊಡಕಿನ ಜಾಗಗಳು. ಚಿತ್ರದ ಕಾರ್ಡಿಲ್ಲದ ಸರ್ವರಿಗೆ ಯೂಟ್ಯೂಬಿನ ಪಾಠ ಭಾರವೇ ಸರಿ.

ಕೆಲಸ ಹಿಡಿಯುವ ಮೊದಲು ಎರಡು ಶಿಸ್ತುಗಳು. ಒಂದನೆಯದು, ಸೂಚಿ ಮತ್ತು ಲೆಕ್ಕಪತ್ರಗಳ ನಕಲು ತೆಗೆಯಬೇಕು. ತೆಗೆದರೆ ಸಾಲದು, ಆ ನಕಲಿನಿಂದ ಮರಳಿ ಕಟ್ಟಿ ನೋಡಬೇಕು. ಎರಡನೆಯದು, ವಾಚಕರ ಮೇಜುಗಳಿಂದ ಸದಸ್ಯರ ದಾಖಲೆಗೆ ದಾರಿಯೇ ಇರದಂತೆ ಜಾಲವನ್ನು ಬೇರ್ಪಡಿಸಬೇಕು. ಈ ವಿಧಾನದ ದೊಡ್ಡ ಗುಣವನ್ನೂ ಹೇಳಬೇಕಲ್ಲ: ಐದು ಮೇಜುಗಳಿಗೂ ಮಾದರಿ ಒಂದೇ, ವಾಚಕ ಎದ್ದುಹೋದೊಡನೆ ಅವನ ಮೇಜು ಅಳಿಸಿ ಹೊಸತಾಗುವಂತೆ ಮಾಡಬಹುದು. ಹಿಂದಿನವನ ಅರ್ಜಿಯಾಗಲಿ ಗುಪ್ತಪದವಾಗಲಿ ಮುಂದಿನವನ ಕಣ್ಣಿಗೆ ಬೀಳದು.

ದೋಷವೂ ಅಷ್ಟೇ ದೊಡ್ಡದು. ಅಡುಗೆಮನೆ ಕೆಟ್ಟರೆ ಎಲ್ಲರಿಗೂ ಉಪವಾಸ. ಇಂದು ಒಂದು ಯಂತ್ರ ನಿಂತರೆ ಒಬ್ಬನ ಕೆಲಸ ನಿಲ್ಲುತ್ತದೆ. ನಾಳೆ ಸರ್ವರು ನಿಂತರೆ ಐವರದೂ. ಅರ್ಜಿಯ ಕೊನೆಯ ದಿನ ಅದು ಸಂಭವಿಸಿದರೆ ಒಬ್ಬ ಹುಡುಗನ ಒಂದು ವರ್ಷ ಹೋದಂತೆ. ಉಚಿತ ವಾಚನಾಲಯಕ್ಕೆ ಬರುವವರಲ್ಲಿ ಅನೇಕರಿಗೆ ಬೇರೆ ಯಂತ್ರ ಇರುವುದಿಲ್ಲವೆಂಬುದನ್ನು ನಾವು ಮರೆಯಬಾರದು. ಆದುದರಿಂದ ಪರೀಕ್ಷೆಯ ಒಂದು ದಿನ ನಾವೇ ಬೇಕೆಂದು ಸರ್ವರನ್ನು ಆರಿಸಿ, ಎಲ್ಲವೂ ಮರಳಿ ಏಳಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ ಬರೆಯಬೇಕು.

ಇನ್ನೊಂದು ನ್ಯಾಯದ ಮಾತು. ಸರ್ವರಿನ ಹಂಗೇ ಇಲ್ಲದೆ ಹಳೆಯ ಯಂತ್ರದಲ್ಲಿಯೇ ಲಿನಕ್ಸ್ ಹಾಕಿ ಓಡಿಸಬಹುದಲ್ಲ? ಖಂಡಿತ ಬಹುದು. ಆದುದರಿಂದ ಆರನೆಯ ಮೇಜೊಂದನ್ನು ಹಾಗೆಯೇ ಸಿದ್ಧಪಡಿಸಿ ಐದರ ಪಕ್ಕದಲ್ಲಿಡೋಣ. ಆ ಬಡ ಮೇಜು ಐದರಷ್ಟೇ ಚೆನ್ನಾಗಿ ಸಾಗಿದರೆ ದೊಡ್ಡ ಏರ್ಪಾಡಿನ ಮೋಹ ನಮಗೇಕೆ?

ಪರೀಕ್ಷೆ ನಾಲ್ಕು ವಾರ ನಡೆಯಲಿ. ನಿಲ್ಲಿಸುವ ಕಾರಣಗಳನ್ನು ಇಂದೇ ಬರೆದಿಡೋಣ: ಕನ್ನಡ ಬೆರಳಚ್ಚು ತಡವರಿಸಿದರೆ, ಪುಸ್ತಕ ಕೊಡುವಾಗ ಸೂಚಿ ನಿಧಾನವಾದರೆ, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ಸ್ವಯಂಸೇವಕರು ಓಡಿಬರಬೇಕಾದರೆ, ವಿದ್ಯುತ್ ಮೀಟರು ಇಂದಿನದಕ್ಕಿಂತ ಹೆಚ್ಚು ತಿಂದರೆ. ಇವುಗಳಲ್ಲಿ ಒಂದಾದರೂ ನಿಜವಾಗಿ, ತಿದ್ದಲು ಬಾರದಿದ್ದರೆ, ಹಳೆಯ ಪದ್ಧತಿಗೆ ಮರಳತಕ್ಕದ್ದು. ಮೊದಲೇ ಬರೆದಿಡದಿದ್ದರೆ ಕೊನೆಯಲ್ಲಿ ಅಳತೆಗೋಲನ್ನು ನಮ್ಮ ಆಸೆಗೆ ತಕ್ಕಂತೆ ಬಗ್ಗಿಸುವುದು ಮನುಷ್ಯಸ್ವಭಾವ.

ಆರು ಮೇಜುಗಳ ಮೇಲೂ ಒಂದೊಂದು ನೋಟುಪುಸ್ತಕ ಇರುತ್ತದೆ. ಬಳಸಿದವರು ದಿನ, ಹೊತ್ತು, ಮಾಡಿದ ಕೆಲಸ, ಆದ ತೊಂದರೆ ಇಷ್ಟನ್ನು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಬರೆಯಬೇಕೆಂದು ಬೇಡುತ್ತೇನೆ. ತೀರ್ಪು ಹೇಳುವವರು ತಾವು; ಯಂತ್ರ ಬಲ್ಲವರೆನಿಸಿಕೊಂಡ ನಾವು ಬರಿಯ ಬಡಿಸುವವರು.