ಮೊಣಕಾಲಿನ ಹೊಸ ಚುಚ್ಚುಮದ್ದು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ದಿನವಿಡೀ ನಿಂತು ಬಡಿಸುವ ಮಾಣಿಗೂ, ಒಲೆಯ ಮುಂದಿನ ಭಟ್ಟರಿಗೂ, ಹಿಂದೆ ಗಿರಣಿಯಲ್ಲಿ ಮಗ್ಗದ ಬಳಿ ನಿಂತು ಈಗ ಮುದುಕರಾದವರಿಗೂ ನೋವು ಒಂದೇ ಕಡೆ, ಮೊಣಕಾಲಿನಲ್ಲಿ. ಈಗ "ಸ್ಟೆಮ್ ಸೆಲ್ ಚುಚ್ಚಿಸಿಕೊಳ್ಳಿ, ಮೊಣಕಾಲು ಹೊಸದಾಗುತ್ತದೆ" ಎಂಬ ಜಾಹೀರಾತು ಎಲ್ಲೆಲ್ಲೂ ಕಾಣುತ್ತಿದೆ. ನಮ್ಮ ಸದಸ್ಯರೊಬ್ಬರು ಇದಕ್ಕಾಗಿ ಊರಿನ ಗದ್ದೆಯನ್ನೇ ಅಡವಿಡಲು ಹೊರಟಿದ್ದರು. ಆದಕಾರಣ ನಾವು ತಿಳಿದವರನ್ನು ವಿಚಾರಿಸಿ ಬಂದಿದ್ದೇವೆ.

ಕೀಲಿನಲ್ಲಿ ಎಲುಬಿಗೆ ಎಲುಬು ಉಜ್ಜದಂತೆ ನಡುವೆ ನುಣುಪಾದ ಮೃದ್ವಸ್ಥಿ ಇದೆ. ಅದಕ್ಕೆ ರಕ್ತನಾಳಗಳಿಲ್ಲ. ಕೈಯ ಗಾಯ ಮಾಯುವಂತೆ ಅದು ಮಾಯುವುದಿಲ್ಲ. ಎಲುಬಿನ ಮಜ್ಜೆಯಲ್ಲಿ ಬೇರೆ ಬೇರೆ ರೂಪ ತಾಳಬಲ್ಲ ಮೂಲ ಜೀವಕೋಶಗಳಿವೆ. ಅವೇ ಸ್ಟೆಮ್ ಸೆಲ್. ಪ್ರಯೋಗಶಾಲೆಯಲ್ಲಿ ಅವುಗಳಿಂದ ಮೃದ್ವಸ್ಥಿ ಬೆಳೆಸಬಹುದು, ಸುಳ್ಳಲ್ಲ. ಆದರೆ ಹಿಟ್ಟು ಚೆನ್ನಾಗಿದ್ದ ಮಾತ್ರಕ್ಕೆ ಕಾವಲಿಯಿಂದ ದೋಸೆ ಏಳುತ್ತದೆಯೇ? ಸವೆದು ಬಾತ ಮೊಣಕಾಲು ಪ್ರಯೋಗಶಾಲೆಯಲ್ಲ.

ಅಮೆರಿಕದಲ್ಲಿ ಸುಮಾರು 480 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2023ರಲ್ಲಿ ಪ್ರಕಟವಾಯಿತು. ಕೆಲವರಿಗೆ ಅವರದೇ ಮಜ್ಜೆಯಿಂದ, ಕೆಲವರಿಗೆ ಅವರದೇ ಕೊಬ್ಬಿನಿಂದ, ಇನ್ನು ಕೆಲವರಿಗೆ ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳನ್ನು ಚುಚ್ಚಿದರು. ಉಳಿದವರಿಗೆ ಹಳೆಯ ಸ್ಟಿರಾಯ್ಡ್ ಸೂಜಿ. ವರ್ಷ ಕಳೆದ ಮೇಲೆ ನೋಡಿದರೆ ಎಲ್ಲ ಗುಂಪಿನಲ್ಲೂ ನೋವು ಇಳಿದಿತ್ತು. ಯಾವ ಕೋಶವೂ ಆ ಹಳೆಯ ಸೂಜಿಯನ್ನು ಮೀರಿಸಿರಲಿಲ್ಲ! ಹಾಗಿರುವಾಗ ಪಕ್ಕದ ಹೋಟೆಲಿನವರು "ನನಗೆ ಹಗುರಾಯಿತು" ಎಂದರೆ ಅದು ಸುಳ್ಳಲ್ಲ, ಆದರೆ ಪುರಾವೆಯೂ ಅಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಲ್ಲ. ನಮ್ಮ ಬೆಂಗಳೂರಿನಲ್ಲೇ ದಾನಿಗಳ ಮಜ್ಜೆಯಿಂದ ತಯಾರಾದ 'ಸ್ಟೆಂಪ್ಯೂಸೆಲ್' ಎಂಬ ಔಷಧಕ್ಕೆ 2022ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಮೊಣಕಾಲಿನ ಸವೆತಕ್ಕೆ ಅನುಮತಿ ಕೊಟ್ಟರು. 146 ರೋಗಿಗಳ ಪರೀಕ್ಷೆಯಲ್ಲಿ ನೋವು ತಗ್ಗಿದ್ದು ಕಂಡಿತ್ತು. ಅದು ಮಧ್ಯಮ ಹಂತದ ಸವೆತಕ್ಕೆ, ಪೂರ್ತಿ ಸವೆದವರಿಗಲ್ಲ. ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಕೊಬ್ಬು ತೆಗೆದು, ಯಂತ್ರದಲ್ಲಿ ತಿರುಗಿಸಿ, ಅಲ್ಲೇ ಚುಚ್ಚುತ್ತಾರಲ್ಲ, ಅದು ಈ ಔಷಧವಲ್ಲ. ಹೆಸರು ಒಂದೇ, ಸರಕು ಬೇರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ತನ್ನ ಮಾರ್ಗಸೂಚಿಯಲ್ಲಿ, ರಕ್ತದ ರೋಗಗಳಿಗೆ ಮಾಡುವ ಕಸಿಯ ಹೊರತು ಉಳಿದುದೆಲ್ಲ ಪ್ರಯೋಗವೇ ಎಂದಿತು. ಪ್ರಯೋಗದ ಖರ್ಚನ್ನು ರೋಗಿಯ ತಲೆಗೆ ಕಟ್ಟಬಾರದು. ನಮ್ಮ ಮೈಮೇಲೆ ಪ್ರಯೋಗ, ಅದಕ್ಕೆ ನಮ್ಮದೇ ದುಡ್ಡು! ಇದು ಯಾವ ಲೆಕ್ಕ?

ಆದ್ದರಿಂದ ಮುಂಗಡ ಕಟ್ಟುವ ಮುಂಚೆ ಕೇಳಿರಿ: ಇದು ಅನುಮತಿ ಪಡೆದ ಔಷಧವೇ, ಅದರ ಹೆಸರೇನು? ಪ್ರಯೋಗವಾದರೆ ನೋಂದಣಿ ಸಂಖ್ಯೆ ಯಾವುದು? ಬರೆದು ಕೊಡಲು ಒಪ್ಪದವರಲ್ಲಿ ಹಣ ಕಟ್ಟಬೇಡಿ. ಇ.ಎಸ್.ಐ. ಕಾರ್ಡು ಇದ್ದವರು ಮೊದಲು ಅಲ್ಲಿನ ಎಲುಬಿನ ವೈದ್ಯರಿಗೆ ತೋರಿಸಿರಿ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ಮೈಭಾರ ಇಳಿಸುವುದು, ಇವಕ್ಕೆ ಕಾಸು ಖರ್ಚಿಲ್ಲ, ಗುಣವೂ ಸಾಬೀತಾಗಿದೆ. ಪೂರಾ ಸವೆದಿದ್ದರೆ ಕೀಲು ಬದಲಿಸುವ ಆಪರೇಶನ್ ಇದೆ. ಕೃತಕ ಕೀಲಿನ ಬೆಲೆಗೆ ಸರ್ಕಾರ 2017ರಲ್ಲಿ ಮಿತಿ ಹಾಕಿತು.

ಇನ್ನು ಕೂಡುವ ವಿಷಯ. ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಆಸನ ಕೊಡಲೇಬೇಕೆಂದು ಕಾನೂನು ಮಾಡಿತು. ಗಿರಾಕಿ ಇಲ್ಲದ ಹೊತ್ತಿನಲ್ಲಾದರೂ ಒಂದು ಸ್ಟೂಲು ಹಾಕಿರೆಂದು ಧಣಿಗಳಿಗೆ ಕೊಡುವ ಅರ್ಜಿ ಮೇಜಿನ ಮೇಲಿದೆ. ಹೋಗುವಾಗ ಸಹಿ ಹಾಕಿರಿ. ಕ್ಲಿನಿಕ್ಕಿನ ಕಾಗದ ಇದ್ದವರು ಮಧ್ಯಾಹ್ನ ಮೂರರ ಮೇಲೆ ಕಚೇರಿಗೆ ತನ್ನಿರಿ, ಕೂಡಿ ಓದೋಣ.