ಬೈಸಿಕಲ್ ಏರಿ ಲಡಾಖಿಗೆ

ಬೈಸಿಕಲ್ ಏರಿ ಲಡಾಖಿಗೆ ಹೋಗಿಬರುತ್ತೇನೆಂದು ನಾನು ಹೇಳಿದಾಗ ನಮ್ಮ ತಾಯಿ ಒಂದೇ ಪ್ರಶ್ನೆ ಕೇಳಿದರು: “ಅಲ್ಲಿಗೆ ಬಸ್ಸು ಇಲ್ಲವೇನಪ್ಪ?” ಬಸ್ಸು ಇದೆ, ಜೀಪೂ ಇದೆ, ವಿಮಾನವೂ ಇದೆ. ಹಾಗಿದ್ದೂ ಸೈಕಲ್ಲೇ ಏಕೆ ಎಂಬುದಕ್ಕೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ದೊರೆತದ್ದು ಒಂದು ವರ್ಷ ತಡವಾಗಿ, ಅದೂ ಒಂದು ಪೆಟ್ಟು ತಿಂದ ಮೇಲೆ. ಆ ಕಥೆಯನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ದಾರಿಯ ಪರಿಚಯವಾಗಲಿ. ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖಿನ ಲೇಹ್ ಪಟ್ಟಣಕ್ಕೆ, ರೋಹ್ತಾಂಗ್ ಘಟ್ಟದ ಮೇಲಿನ ಹಳೆಯ ರಸ್ತೆಯಲ್ಲಿ, ಸುಮಾರು 475 ಕಿಲೋಮೀಟರು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,330 ಅಡಿ. ಮನಾಲಿಯ ಪೇಟೆಬೀದಿಯೇ ಅದಕ್ಕಿಂತ ಮೇಲಿದೆ. ನಮ್ಮ ಬೆಟ್ಟಗಳು ಮುಗಿಯುವಲ್ಲಿ ಆ ದಾರಿ ಮೊದಲಾಗುತ್ತದೆಂದರೆ ತಪ್ಪಾಗಲಾರದು. ಅಲ್ಲಿಂದ ಮುಂದೆ 13,000 ಅಡಿಯ ರೋಹ್ತಾಂಗ್, 16,000 ಅಡಿಯ ಬಾರಾಲಾಚಾ, ಅದಕ್ಕಿಂತಲೂ ಎತ್ತರದ ಲಾಚುಲುಂಗ್, ಕೊನೆಗೆ 17,000 ಅಡಿಗಳನ್ನು ಮೀರಿದ ತಾಂಗ್‌ಲಾಂಗ್—ಹೀಗೆ ಘಟ್ಟದ ಮೇಲೆ ಘಟ್ಟ. ಚಳಿಗಾಲದಲ್ಲಿ ಈ ರಸ್ತೆ ಹಿಮದಡಿ ಮಲಗಿರುತ್ತದೆ. ಬೇಸಿಗೆಯ ಕೆಲವು ತಿಂಗಳು ಮಾತ್ರ ಸಂಚಾರ.

ಅಷ್ಟು ಎತ್ತರದಲ್ಲಿ ಕಾಲಿನ ಬಲಕ್ಕಿಂತ ಉಸಿರಿನ ಲೆಕ್ಕ ದೊಡ್ಡದು. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ತಾಂಗ್‌ಲಾಂಗ್ ಘಟ್ಟದ ನೆತ್ತಿಯಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರತೀರದಲ್ಲಿ ದೊರೆಯುವುದರ ಅರ್ಧದಷ್ಟೇ ಸರಿ. ಗೃಹಿಣಿಯರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. 15,000 ಅಡಿಯಲ್ಲಿರುವ ಪಾಂಗ್ ಎಂಬ ತಂಗುದಾಣದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿಲ್ಲದಿದ್ದರೆ ಬೇಳೆ ಬೇಯುವ ಹೊತ್ತಿಗೆ ಹಸಿದವನು ನಿದ್ರೆ ಹೋಗಿರುತ್ತಾನೆ!

ಈ ತೆಳುಗಾಳಿಗೆ ದೇಹ ಒಗ್ಗಿಕೊಳ್ಳಬಲ್ಲದು. ಉಸಿರಾಟ ಚುರುಕಾಗುತ್ತದೆ, ದಿನಗಳೆದಂತೆ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚುತ್ತವೆ. ಆದರೆ ಅದಕ್ಕೆ ಕಾಲಾವಕಾಶ ಬೇಕು. 10,000 ಅಡಿ ದಾಟಿದ ಮೇಲೆ, ಇಂದು ಮಲಗುವ ತಾಣ ನಿನ್ನೆಯದಕ್ಕಿಂತ 1,500 ಅಡಿಗೂ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಪೂರ್ಣ ವಿಶ್ರಾಂತಿ ಬೇಕು. ವೈದ್ಯರು ಹೇಳುವ ನಿಯಮ ಇಷ್ಟೆ. ಇದನ್ನು ನಾನೂ ನನ್ನ ಗೆಳೆಯನೂ ಓದಿಕೊಂಡೇ ಹೊರಟಿದ್ದೆವು.

ಅದು 2018ರ ಜುಲೈ ತಿಂಗಳು. ರೋಹ್ತಾಂಗನ್ನು ದಾಟಿ, ಲಾಹೌಲ್ ಕಣಿವೆಯ ಕೇಲಾಂಗ್ ಊರನ್ನು ಹಿಂದಿಕ್ಕಿ, 10,500 ಅಡಿಯ ಜಿಸ್ಪಾದಲ್ಲಿ ರಾತ್ರಿ ಕಳೆದೆವು. ಮರುದಿನ ಪಟ್ಸಿಯೋದವರೆಗೆ ಮಾತ್ರ ಹೋಗಿ ನಿಲ್ಲುವುದೆಂದು ನಿಶ್ಚಯವಾಗಿತ್ತು. ಆದರೆ ಎದುರುಗಾಳಿ. ಅತ್ಯಂತ ಹಗುರವಾದ ಗೇರಿನಲ್ಲಿಯೂ ಸೈಕಲ್ಲು ಹೊರಳದು; ಹಿಂದೆ ಹದಿನೈದು ಕಿಲೋ ಸಾಮಾನು. ಆಗ ಒಂದು ಲಾರಿ ಬಂದು ನಿಂತಿತು. “ಹತ್ತಿ, ಘಟ್ಟದ ಮೇಲೆ ಇಳಿಸುತ್ತೇನೆ” ಎಂದ ಚಾಲಕ. ನನ್ನ ಗೆಳೆಯ ಹಿಂದೆಮುಂದೆ ನೋಡಿದ. “ಒಂದು ದಿನ ಉಳಿಯುತ್ತೆ, ಹತ್ತೋ ಮಾರಾಯ” ಎಂದವನು ನಾನೇ.

ಮೂರು ತಾಸಿನಲ್ಲಿ ಬಾರಾಲಾಚಾದ ನೆತ್ತಿ ತಲಪಿದೆವು. ಅಲ್ಲಿಂದ ಪೆಡಲು ತುಳಿಯದೆ ಜಾರುತ್ತ ಸರ್ಚು ಬಯಲಿಗೆ ಇಳಿದೆವು. ಎಂಥ ಸಂತೋಷ! ಆದರೆ ಸರ್ಚುವಿನ ಎತ್ತರ 14,000 ಅಡಿ. ಹಿಂದಿನ ರಾತ್ರಿ ಮಲಗಿದ್ದಕ್ಕಿಂತ 3,500 ಅಡಿ ಮೇಲೆ ಅಂದು ಹಾಸಿಗೆ ಬಿಡಿಸಿದ್ದೆವು.

ನಡುರಾತ್ರಿ ಗೆಳೆಯನಿಗೆ ತಲೆನೋವು, ವಾಂತಿ. ಬೆಳಗಾಗುವಾಗ ಡೇರೆಯ ಹೊರಗೆ ಬಂದವನು ನೆಟ್ಟಗೆ ನಾಲ್ಕು ಹೆಜ್ಜೆ ಇಡಲಾರ, ಕುಡಿದವನಂತೆ ತೂರಾಡಿದ. ನಾನು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರಕ್ಕೆ ತಲೆಬುಡವಿರಲಿಲ್ಲ. ಎತ್ತರದ ಬೇನೆ ಮಿದುಳನ್ನು ಮುಟ್ಟಿದಾಗ ಕಾಣುವ ಲಕ್ಷಣ ಅದು. ಇನ್ನು ತಡಮಾಡಿದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಮೊದಲ ಮದ್ದೆಂದರೆ ಕೂಡಲೇ ಕೆಳಗಿಳಿಯುವುದು.

ಸರ್ಚುವಿನ ಕಷ್ಟ ನೋಡಿ! ಮುಂದೆ ಹೋದರೆ ಗಾಟಾ ಲೂಪ್ಸ್ ಎಂಬ ಇಪ್ಪತ್ತೊಂದು ತಿರುವುಗಳ ಏರು. ಹಿಂದೆ ಹೋದರೆ ಮತ್ತೆ 16,000 ಅಡಿಯ ಬಾರಾಲಾಚಾ. ಎರಡು ಕಡೆಯೂ ಹತ್ತಿಯೇ ಇಳಿಯಬೇಕು. ಸೈಕಲ್ಲಿನಲ್ಲಿ ಬಂದಿದ್ದರೆ ಜಿಸ್ಪಾಕ್ಕೂ ಘಟ್ಟಕ್ಕೂ ನಡುವೆ ಎಲ್ಲಿಯಾದರೂ ದೇಹವೇ “ನಿಲ್ಲು” ಎನ್ನುತ್ತಿತ್ತು. ಅಲ್ಲಿಂದ ಇಳಿಯುವುದು ಸುಲಭವಾಗುತ್ತಿತ್ತು. ನಾವು ಆ ಮಾತು ಕೇಳಿಸದಷ್ಟು ವೇಗವಾಗಿ ಬಂದುಬಿಟ್ಟಿದ್ದೆವು.

ಲೇಹ್ ಕಡೆಯಿಂದ ಬಂದ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದೆ. ವಯಸ್ಸಾದ ಸರದಾರರು. ಗೆಳೆಯನ ಮುಖ ನೋಡಿದವರೇ ತಮ್ಮ ಮಗ್ಗುಲಲ್ಲಿ ಅವನನ್ನು ಕೂರಿಸಿಕೊಂಡು, “ಮಾತಾಡಿಸುತ್ತಾ ಇರು ಮಗನೇ, ನಿದ್ರೆಗೆ ಬಿಡಬೇಡ” ಎಂದರು. ಘಟ್ಟ ದಾಟುವವರೆಗೆ ನಾನು ಅವನ ಮನೆಯವರ ಹೆಸರುಗಳನ್ನು ಒಂದೊಂದಾಗಿ ಕೇಳುತ್ತಿದ್ದೆ. ತಂಗಿಯ ಹೆಸರು ಅವನಿಗೆ ಹೊಳೆಯಲಿಲ್ಲ. ಆ ಕ್ಷಣವನ್ನು ನಾನು ಮರೆಯಲಾರೆ. ಜಿಸ್ಪಾ ಸಮೀಪಿಸುವಾಗ ಅವನೇ ಆ ಹೆಸರನ್ನು ಹೇಳಿದ. ಕೇಲಾಂಗಿನ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಎರಡು ದಿನಗಳಲ್ಲಿ ಎದ್ದು ಕೂತ. ಅಲ್ಲಿಂದಲೇ ಊರಿಗೆ ಮರಳಿದೆವು. ಸರದಾರರು ಡೀಸೆಲಿನ ಹಣವನ್ನೂ ಮುಟ್ಟಿರಲಿಲ್ಲ.

ಮರುವರ್ಷ ವೈದ್ಯರ ಅನುಮತಿ ಪಡೆದು ಮತ್ತೆ ಹೊರಟೆವು. ಹಟ ನನ್ನದಲ್ಲ, ಅವನದು. ಈ ಸಲ ಮನಾಲಿಯಲ್ಲಿ ಮೂರು ರಾತ್ರಿ, ಜಿಸ್ಪಾದಲ್ಲಿ ಎರಡು, ಪಟ್ಸಿಯೋದಲ್ಲಿ ಎರಡು, ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿದೆವು. ಬಿಸಿಲೇರಿದಂತೆ ಹಿಮ ಕರಗಿ ರಸ್ತೆಗೆ ಅಡ್ಡಲಾಗಿ ಹರಿಯುವ ತೊರೆಗಳು ಉಕ್ಕುತ್ತವೆ. ಆದ್ದರಿಂದ ನಸುಕಿನಲ್ಲೇ ಹೊರಟು ಮಧ್ಯಾಹ್ನಕ್ಕೆ ನಿಲ್ಲುತ್ತಿದ್ದೆವು. ಝಾರ್ಖಂಡ, ಬಿಹಾರಗಳಿಂದ ಬಂದು ಆ ಗಾಳಿಯಲ್ಲಿ ಡಾಂಬರು ಕಾಯಿಸುವ ಕೂಲಿಕಾರರ ಬಳಿ ಚಹ ಕುಡಿದೆವು. ಹಿಂದಿನ ವರ್ಷ ಲಾರಿಯಿಂದ ಅವರ ಮುಖವನ್ನೂ ನೋಡಿರಲಿಲ್ಲ.

ಪಾಂಗ್ ದಾಟಿದರೆ ಮೋರೆ ಬಯಲು. 15,000 ಅಡಿಯ ಮೇಲೆ ಸುಮಾರು ನಲವತ್ತು ಕಿಲೋಮೀಟರು ಚಾಪೆ ಹಾಸಿದಂಥ ನೆಲ. ಅದರ ಕೊನೆಯಲ್ಲಿ ಬಲಕ್ಕೆ ತಿರುಗಿದರೆ, ಚಾಂಗ್‌ಥಾಂಗ್ ವನ್ಯಜೀವಿ ಅಭಯಾರಣ್ಯಕ್ಕೆ ಸೇರಿದ ತ್ಸೋ ಕರ್ ಎಂಬ ಉಪ್ಪುನೀರಿನ ಸರೋವರ. ತ್ಸೋ ಎಂದರೆ ಸರೋವರ, ಕರ್ ಎಂದರೆ ಬಿಳುಪು. ದಡದ ಉದ್ದಕ್ಕೂ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿದೆ. ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಇದು 2020ರಲ್ಲಿ ಸೇರಿತು.

ಅಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡನ್ನು ಕಂಡೆವು. ನಾವು ಸೈಕಲ್ಲು ನಿಲ್ಲಿಸಿ ಸುಮ್ಮನಿದ್ದೆವು. ಅವೂ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಅಷ್ಟರಲ್ಲಿ ಒಂದು ಜೀಪು ರಸ್ತೆ ಬಿಟ್ಟು, ಫೋಟೋ ತೆಗೆಯಲೆಂದು ಅವುಗಳ ಕಡೆ ನುಗ್ಗಿತು. ಹಿಂಡು ಧೂಳೆಬ್ಬಿಸಿ ಓಡಿತು. ಅಂಥ ತೆಳುಗಾಳಿಯಲ್ಲಿ ಓಡುವ ಪ್ರಾಣಿಗೆ ಏನನಿಸುತ್ತದೆಂಬುದು ಏದುಸಿರು ಬಿಟ್ಟು ಅಲ್ಲಿಗೆ ಬಂದಿದ್ದ ನಮಗೆ ಗೊತ್ತಿತ್ತು. ಜೀಪಿನ ಗಾಲಿ ಅರೆದ ಹುಲ್ಲು ಆ ಚಳಿನೆಲದಲ್ಲಿ ಬೇಗ ಚಿಗುರುವುದಿಲ್ಲ. ಆ ಹುಲ್ಲನ್ನೇ ಚಾಂಗ್ಪಾ ಕುರುಬರ ಪಶ್ಮೀನಾ ಆಡುಗಳೂ ನಂಬಿವೆ. ದೂರದ ಜೌಗಿನಲ್ಲಿ ಕಪ್ಪು ಕೊರಳಿನ ಕೊಕ್ಕರೆಗಳ ಜೋಡಿಯೊಂದು ಒಂದೇ ಮರಿಯನ್ನು ನಡುವೆ ಇಟ್ಟುಕೊಂಡು ಹೆಜ್ಜೆಹಾಕುತ್ತಿತ್ತು. ನಮ್ಮ ದೇಶದಲ್ಲಿ ಆ ಹಕ್ಕಿ ಗೂಡು ಕಟ್ಟುವ ನೆಲೆ ಲಡಾಖ್.

2020ರಲ್ಲಿ ರೋಹ್ತಾಂಗಿನ ಕೆಳಗೆ ಅಟಲ್ ಸುರಂಗ ತೆರೆದ ಮೇಲೆ ಲಾಹೌಲಿನ ಜನಕ್ಕೆ ದೊಡ್ಡ ಉಪಕಾರವಾಗಿದೆ. ಪ್ರವಾಸಿಗಳಿಗೆ ದಾರಿ ಚಿಕ್ಕದಾಗಿದೆ. ಆದರೆ ದಾರಿ ಚಿಕ್ಕದಾಯಿತೆಂದು ನಮ್ಮ ರಕ್ತ ಅವಸರ ಮಾಡುವುದಿಲ್ಲ. ನಿಮ್ಮ ಮನೆಯ ಮಕ್ಕಳು ಆ ಕಡೆ ಹೊರಟರೆ, ಕಾರಿನಲ್ಲಾಗಲಿ ಸೈಕಲ್ಲಿನಲ್ಲಾಗಲಿ, ಸ್ವೆಟರು ಕಟ್ಟಿಕೊಡುವಾಗ ಎರಡು ಮಾತನ್ನೂ ಕಟ್ಟಿಕೊಡಿ. ತಲೆನೋವು ಬಂದರೆ ಮುಚ್ಚಿಡಬೇಡಿ, ಮೇಲೇರಬೇಡಿ. ಹೆಜ್ಜೆ ತಪ್ಪಿದರೆ ಕೂಡಲೇ ಇಳಿಯಿರಿ. ಅಭಯಾರಣ್ಯದಲ್ಲಿ ರಸ್ತೆ ಬಿಟ್ಟು ಚಕ್ರ ಹೊರಳಿಸಬೇಡಿ.

ಲೇಹ್ ತಲಪಿದ ದಿನ ತಾಯಿಗೆ ಫೋನು ಮಾಡಿದೆ. “ಎಷ್ಟು ದಿನ ಹಿಡಿಯಿತು?” ಎಂದರು. “ಹದಿನೆಂಟು ದಿನ” ಎಂದೆ. “ಬಸ್ಸಿನಲ್ಲಿ?” “ಎರಡು ದಿನ.” ಅವರು ತುಸು ಹೊತ್ತು ಸುಮ್ಮನಿದ್ದು, “ಅವನು ಹೇಗಿದ್ದಾನೆ?” ಎಂದು ಗೆಳೆಯನನ್ನು ವಿಚಾರಿಸಿದರು. “ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದಾನಮ್ಮ” ಎಂದೆ. “ಹಾಗಾದರೆ ಸರಿ” ಎಂದರು. ಅವರ ಹಿಂದಿನ ವರ್ಷದ ಪ್ರಶ್ನೆಗೆ ಅದೇ ನನ್ನ ಉತ್ತರವೂ ಆಗಿತ್ತು.