ರೇಷ್ಮೆಯ ಕುದುರೆ, ಕಾಗದದ ಕುದುರೆ

ನಿಮ್ಮ ಹತ್ತಿರ ಇರೋದು ಕಪ್ಪು ಮಸಿ ಮಾತ್ರ. ಬಿಡಿಸಬೇಕಾಗಿರೋದು ಬಿಳಿ ಕುದುರೆ. ಏನು ಮಾಡ್ತೀರಿ?

ಚೀನಾದಲ್ಲಿ ತಾಂಗ್ ವಂಶದವರು ಆಳ್ತಿದ್ದ ಕಾಲ, ಸುಮಾರು ಕ್ರಿ.ಶ. 750. ಹಾನ್ ಗಾನ್ ಅನ್ನೋ ಆಸ್ಥಾನ ಚಿತ್ರಕಾರ ಇದಕ್ಕೆ ಉತ್ತರ ಬಿಡಿಸಿಟ್ಟು ಹೋಗಿದ್ದಾನೆ. ಚಕ್ರವರ್ತಿ ಷ್ವಾನ್‌ಜೊಂಗ್‌ನ ಮೆಚ್ಚಿನ ಬಿಳಿ ಕುದುರೆಯ ಚಿತ್ರ ಅದು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ದೊಡ್ಡ ಚಿತ್ರವೇನಲ್ಲ, ಅಗಲ ಬರೀ 34 ಸೆಂಟಿಮೀಟರ್. ಗೂಟಕ್ಕೆ ಬಿಗಿದ ಕುದುರೆ ಹಗ್ಗ ಜಗ್ಗುತ್ತಾ ಇದೆ. ಹೊಳ್ಳೆ ಅರಳಿದೆ, ಬಾಯಿ ತೆರೆದಿದೆ, ಕಣ್ಣು ಕೆರಳಿದೆ, ಕಾಲು ನೆಲದಲ್ಲಿ ನಿಲ್ತಾ ಇಲ್ಲ. ಅದರ ಬಿಳುಪು ಯಾವ ಬಣ್ಣದಿಂದಲೂ ಬಂದದ್ದಲ್ಲ, ಅದು ಕಾಗದವೇ. ಸುತ್ತ ಒಂದು ಗೆರೆ, ಮೈಯ ಉಬ್ಬು ತಗ್ಗಿಗೆ ಅಲ್ಲಲ್ಲಿ ನೀರಾದ ಮಸಿ. ಉಳಿದದ್ದನ್ನ ಅವನು ಮುಟ್ಟಿಲ್ಲ.

ನೀನು ಇನ್ನೊಬ್ಬ ಚಿತ್ರಕಾರನ ಹತ್ತಿರ ಕಲಿತುಕೋ ಅಂತ ಚಕ್ರವರ್ತಿ ಹೇಳಿದಾಗ, ನಿಮ್ಮ ಲಾಯದ ಕುದುರೆಗಳೇ ನನಗೆ ಗುರುಗಳು ಅಂದನಂತೆ ಹಾನ್ ಗಾನ್. ಅದೇ ಕಾಲದ ಕವಿ ದು ಫು ಮಾತ್ರ, ಇವನು ಮಾಂಸ ಬಿಡಿಸ್ತಾನೆ, ಮೂಳೆ ಬಿಡಿಸಲ್ಲ ಅಂತ ತಕರಾರು ತೆಗೆದ. ಚಿತ್ರದ ಆಮೇಲಿನ ಒಡೆಯರು, ಚಕ್ರವರ್ತಿಗಳು ಅಂಗೈಯಗಲ ಜಾಗವನ್ನೂ ಬಿಡದೆ ಕೆಂಪು ಮುದ್ರೆ ಒತ್ತಿದ್ದಾರೆ. ಕುದುರೆ ಮೈ ಮಾತ್ರ ಹೆಚ್ಚುಕಡಿಮೆ ಬಚಾವಾಗಿದೆ, ಸದ್ಯ!

ಈಗ ಸಾಮಾನಿನ ವಿಷಯಕ್ಕೆ ಬರೋಣ. ಎಣ್ಣೆ ದೀಪದ ಕಾಡಿಗೆಗೋ ಪೈನ್ ಮರ ಸುಟ್ಟ ಮಸಿಗೋ ಚರ್ಮ ಕುದಿಸಿ ತೆಗೆದ ಅಂಟು ಕಲಸಿ, ಅಚ್ಚಿಗೆ ಹಾಕಿ ಒಣಗಿಸಿದರೆ ಮಸಿ ಕಡ್ಡಿ. ಅದನ್ನ ಕಲ್ಲಿನ ಮೇಲೆ ನೀರು ಹಾಕಿ ಗಂಧ ತೇಯೋ ಹಾಗೆ ತೇಯಬೇಕು. ರೇಷ್ಮೆಗೂ ಕಾಗದಕ್ಕೂ ಮಸಿ ಒಂದೇ. ಕುದುರೆಯ ಜಾತಿ ಬದಲಾಗೋದು ಕೆಳಗೆ ಹಾಸಿದ್ದು ಏನು ಅನ್ನೋದರ ಮೇಲೆ. ಇವತ್ತು ನಾನು ಹೇಳಬೇಕು ಅಂತಿರೋದು ಇಷ್ಟೇ.

ನುಣುಪು ಕೆಲಸದ ರೇಷ್ಮೆಗೆ ಪಟಿಕ ಮತ್ತು ಅಂಟಿನ ನೀರು ಬಳಿದಿರ್ತಾರೆ. ಬಣ್ಣ ಒಳಗಿಳಿಯಲ್ಲ, ಹಬ್ಬಲ್ಲ. ತೆಳುವಾಗಿ ಒಂದು ಪದರ, ಒಣಗಿದ ಮೇಲೆ ಇನ್ನೊಂದು, ಹೀಗೆ ಏರಿಸ್ತಾ ಹೋಗಬಹುದು. ರೇಷ್ಮೆಯ ಹಿಂಬದಿಯಿಂದಲೂ ಬಣ್ಣ ಕೊಡೋದುಂಟು, ಮುಂದೆ ಅದು ಮೆದುವಾಗಿ ಕಾಣುತ್ತೆ. ಕುದುರೆ ಚರ್ಮದ ಮಿಂಚು ಬೇಕು ಅಂದರೆ ಇದೇ ಸರಿ. ಆದರೆ ತಪ್ಪಾದರೆ ಕೆರೆದು ತೆಗೆಯೋ ಹಾಗಿಲ್ಲ. ಇಟಲಿಯ ಮಿಲಾನಿನಿಂದ 1715ರಲ್ಲಿ ಚೀನಾಕ್ಕೆ ಬಂದ ಜೆಸ್ಯೂಟ್ ಅನ್ನೋ ಕ್ರೈಸ್ತ ಸಂಘದ ಜುಸೆಪ್ಪೆ ಕಾಸ್ತಿಲ್ಯೋನೆ ಎಣ್ಣೆಬಣ್ಣದಲ್ಲಿ ಪಳಗಿದವನು. ತಿದ್ದಿ ತಿದ್ದಿ ಬಿಡಿಸೋ ಅಭ್ಯಾಸದವನಿಗೆ ಈ ರೇಷ್ಮೆ ಎಷ್ಟು ಕಾಡಿರಬೇಕು! ಅವನ 'ನೂರು ಕುದುರೆಗಳು' 1728ರದು, ತೈಪೆಯ ಅರಮನೆ ಮ್ಯೂಸಿಯಮ್ಮಿನಲ್ಲಿದೆ, ಉದ್ದ ಹತ್ತಿರ ಹತ್ತಿರ 8 ಮೀಟರ್. ರೇಷ್ಮೆಗೆ ಕೈ ಹಚ್ಚೋ ಮೊದಲು ಅಷ್ಟನ್ನೂ ಕಾಗದದ ಮೇಲೆ ಮಸಿಯಲ್ಲಿ ಬಿಡಿಸಿಟ್ಟುಕೊಂಡಿದ್ದ. ಆ ಕರಡೂ ಉಳಿದಿದೆ. ನನ್ನ ಕೇಳಿದರೆ ಕರಡೇ ಚೆಂದ, ಅಲ್ಲಿ ಕೈ ಸಡಿಲವಾಗಿದೆ.

ಇನ್ನು ಹಸಿ ಷ್ವಾನ್ ಕಾಗದ. ಆನ್‌ಹ್ವೇ ಪ್ರಾಂತ್ಯದಲ್ಲಿ ಒಂದು ಮರದ ತೊಗಟೆಗೆ ಭತ್ತದ ಹುಲ್ಲು ಸೇರಿಸಿ ಮಾಡ್ತಾರೆ. ಅಂಟು ಬಳಿದಿರಲ್ಲ. ಕುಂಚ ಒಂದು ಕ್ಷಣ ನಿಂತರೂ ಅಲ್ಲೇ ಮಸಿ ಹಬ್ಬಿ ಕಲೆಯಾಗುತ್ತೆ. ಅಂಥ ಕಾಗದದ ಮೇಲೆ ಕುದುರೆ ಓಡಿಸಿದವರು ಷೂ ಬೇಹೊಂಗ್ (1895–1953). ಪ್ಯಾರಿಸ್ಸಿನಲ್ಲಿ ಕಲಿತವರು, ಕುದುರೆಯ ಮೂಳೆ ಮಾಂಸಖಂಡ ಬಾಯಿಪಾಠ. ದೊಡ್ಡ ಕುಂಚದ ಒಂದೇ ಒತ್ತಿನಲ್ಲಿ ಎದೆ ಮೂಡಬೇಕು. ಒಂದು ಬದಿಗೆ ದಟ್ಟ ಮಸಿ, ಇನ್ನೊಂದು ಬದಿಗೆ ನೀರು ಇದ್ದರೆ ಆ ಒಂದೇ ಎಳೆತದಲ್ಲಿ ನೆರಳೂ ಬೆಳಕೂ ಎರಡೂ ಬರುತ್ತೆ. ಕತ್ತಿನ ಕೂದಲಿಗೂ ಬಾಲಕ್ಕೂ ಒಣಗಿದ ಕುಂಚ, ಕೂದಲು ಸೀಳಿಕೊಂಡು ಗಾಳಿ ಕಾಣಬೇಕು. ಅವರ ಹೆಸರುವಾಸಿ ಕುದುರೆಗಳಿಗೆ ಜೀನಿಲ್ಲ, ಕಡಿವಾಣವಿಲ್ಲ.

ಜಪಾನಿನ ದಾಳಿಗೆ ಚೀನಾ ತತ್ತರಿಸ್ತಿದ್ದ ಹೊತ್ತಿನಲ್ಲಿ, 1939ರ ಕೊನೆಗೆ, ರವೀಂದ್ರನಾಥ ಠಾಕೂರರ ಕರೆಯ ಮೇಲೆ ಷೂ ಬೇಹೊಂಗ್ ಶಾಂತಿನಿಕೇತನಕ್ಕೆ ಬಂದರು. ಅಲ್ಲೂ ಕಲ್ಕತ್ತೆಯಲ್ಲೂ ಪ್ರದರ್ಶನ ಇಟ್ಟರು. ಬಂದ ಹಣ ಚೀನಾದ ಯುದ್ಧ ಸಂತ್ರಸ್ತರಿಗೆ ಹೋಯಿತು.

ನೀವೂ ಒಂದು ಕೈ ನೋಡಬೇಕು ಅಂದರೆ, ಅಂಗಡಿಯಲ್ಲಿ ರೈಸ್ ಪೇಪರ್ ಅಂತ ಕೊಟ್ಟದ್ದನ್ನ ಹಾಗೇ ನಂಬಬೇಡಿ. ಮೂಲೆಗೆ ಒಂದು ಹನಿ ನೀರು ಬಿಡಿ. ಮುತ್ತಿನಂತೆ ನಿಂತರೆ ಅಂಟು ಬಳಿದ ಕಾಗದ, ಕಾಸ್ತಿಲ್ಯೋನೆ ದಾರಿ ಹಿಡಿಯಿರಿ, ಸಣ್ಣ ಕುಂಚ ಸಾಕು. ತಕ್ಷಣ ಹಬ್ಬಿದರೆ ಹಸಿ ಕಾಗದ. ಕಿವಿ, ಕಣ್ಣು ಅಂತ ಸಣ್ಣದರಲ್ಲೇ ಕೂರಬೇಡಿ, ಉಸಿರು ಬಿಗಿಹಿಡಿದು ಮೊದಲು ಕತ್ತಿನ ದೊಡ್ಡ ಒತ್ತು ಎಳೆದುಬಿಡಿ.